ಕಾರು ತೊಳೆದ ಮೇಲೂ ಬಿಳಿ ಚುಕ್ಕೆ ಏಕೆ?

ಭಾನುವಾರ ಬೆಳಿಗ್ಗೆ ಬೆವರು ಸುರಿಸಿ ಕಾರು ತೊಳೆಯುತ್ತೀರಿ. ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಬಾನೆಟ್ ತುಂಬ ಬಿಳಿ ಚುಕ್ಕೆಗಳು. ಶಾಂಪೂ ಸರಿಯಿಲ್ಲವೆಂದು ಮುಂದಿನ ವಾರ ಬೇರೆ ಶಾಂಪೂ ತರುತ್ತೀರಿ. ಚುಕ್ಕೆಗಳು ಮತ್ತೆ ಬರುತ್ತವೆ. ತಪ್ಪು ಶಾಂಪೂವಿನದಲ್ಲ, ನೀರಿನದು.

ದುರ್ಗಿಗುಡಿಯ ನಮ್ಮ ಮನೆಗೆ ನಲ್ಲಿಯಲ್ಲಿ ತುಂಗೆಯ ನೀರು ಬರುತ್ತದೆ. ಕೊಳವೆ ಬಾವಿಯೂ ಇದೆ. ಕುಡಿಯಲು ತುಂಗೆ, ಕಾರಿಗೆ ಕೊಳವೆ ಬಾವಿ ಎಂದು ಹಂಚಿಕೊಂಡಿದ್ದೆವು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಮುಂದಿನ ಗಾಜಿನ ಕಲೆ ಒರೆಸಿದರೂ ಹೋಗದಾಯಿತು. ರಾತ್ರಿ ಎದುರಿನ ವಾಹನದ ಬೆಳಕು ಅದರ ಮೇಲೆ ಚದುರಿ ರಸ್ತೆಯೇ ಕಾಣುತ್ತಿರಲಿಲ್ಲ. ಇದು ಅಂದದ ಪ್ರಶ್ನೆ ಮಾತ್ರವಲ್ಲವೆಂದು ಆಗ ಅರಿವಾಯಿತು. ಇಡೀ ಮನೆಗೆ ಸಾಫ್ಟನರ್ ಹಾಕಿಸಿದರೆ ಒಂದು ಚುಕ್ಕೆಯೂ ಬೀಳದೆಂದು ಮಾರಾಟಗಾರರೊಬ್ಬರು ಭರವಸೆ ಕೊಟ್ಟರು. ಮಗಳ ಶುಲ್ಕಕ್ಕೆಂದು ತೆಗೆದಿಟ್ಟ ಹಣಕ್ಕೆ ಕೈ ಹಾಕುವ ಮುನ್ನ ವಿಚಾರಿಸಿದ್ದು ಒಳ್ಳೆಯದಾಯಿತು.

ಚುಕ್ಕೆ ಎಂದರೇನು?

ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿ ಕರಗಿದ್ದ ಲವಣ ಹೋಗುವುದಿಲ್ಲ. ಈ ಲವಣದ ಪ್ರಮಾಣವನ್ನು ಟಿಡಿಎಸ್ ಎನ್ನುತ್ತಾರೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗೆ ಅದು ಇರಬಹುದು. ಅಂದರೆ ಕುಡಿಯಲು ಯೋಗ್ಯವಾದ ಹತ್ತು ಲೀಟರ್ ನೀರು ಪೂರ್ತಿ ಒಣಗಿದರೆ 5 ಗ್ರಾಂ ಲವಣ ಉಳಿಯಬಹುದು. ಕುಡಿಯಲು ಒಳ್ಳೆಯ ನೀರು ಕಾರಿಗೂ ಒಳ್ಳೆಯದಾಗಬೇಕೆಂದಿಲ್ಲ!

ಯಾವ ಯಂತ್ರ ಏನು ಮಾಡುತ್ತದೆ?

ಸಾಫ್ಟನರ್ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟು ಬದಲಿಗೆ ಸೋಡಿಯಂ ಬಿಡುತ್ತದೆ. ಸೋಪು ಚೆನ್ನಾಗಿ ನೊರೆ ಬರುತ್ತದೆ, ಗೀಸರ್‌ನಲ್ಲಿ ಪದರ ಕಟ್ಟುವುದಿಲ್ಲ. ಆದರೆ ಒಟ್ಟು ಲವಣ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಚುಕ್ಕೆ ಸುಲಭವಾಗಿ ಒರೆಸಿ ಹೋದೀತು, ಬೀಳುವುದು ನಿಲ್ಲದು.

ಡಿಅಯೊನೈಸರ್ ಬಹುತೇಕ ಎಲ್ಲ ಲವಣವನ್ನೂ ತೆಗೆಯುತ್ತದೆ. ಬ್ಯಾಟರಿಗೆ ಹಾಕುವ ನೀರನ್ನು ಹೀಗೆಯೇ ತಯಾರಿಸುತ್ತಾರೆ. ಆದರೆ ಅದರೊಳಗಿನ ರಾಳದ ಮಣಿಗಳು ಸವೆಯುತ್ತವೆ. ಟಿಡಿಎಸ್ 500 ಇರುವ ನೀರಿಗೆ ಅವು 100 ಇರುವ ನೀರಿಗಿಂತ ಸುಮಾರು ಐದು ಪಟ್ಟು ಬೇಗ ಮುಗಿಯುತ್ತವೆ. ಗಡಸು ನೀರಿಗೆ ಇದೊಂದನ್ನೇ ನೆಚ್ಚಿದರೆ ಖರ್ಚು ಕೈಮೀರುತ್ತದೆ.

ಆರ್‌ಒ ಲವಣದ ಬಹುಭಾಗವನ್ನು ತೆಗೆಯುತ್ತದೆ, ಆದರೆ ನಿಧಾನವಾಗಿ. ಜೊತೆಗೆ ಸಾಕಷ್ಟು ನೀರನ್ನು ಹೊರಗೆ ಬಿಡುತ್ತದೆ. ಆ ನೀರನ್ನು ಚೆಲ್ಲದೆ ಚಕ್ರದ ಕೆಸರು ತೊಳೆಯಲು, ನೆಲ ಒರೆಸಲು ಬಳಸಿ.

ಹಾಗಾದರೆ ಯಾವುದು ಬೇಕು?

ಮೊದಲು ಕೆಲವು ನೂರು ರೂಪಾಯಿಯ ಟಿಡಿಎಸ್ ಮೀಟರ್ ತಂದು ಮನೆಯ ಎಲ್ಲ ನೀರನ್ನೂ ಅಳೆಯಿರಿ. ಮೀಟರ್ ಇಲ್ಲದಿದ್ದರೆ ಪ್ರತಿಯೊಂದರ ಒಂದು ಹನಿಯನ್ನು ಕನ್ನಡಿಯ ಮೇಲೆ ಒಣಗಲು ಬಿಡಿ. ಉತ್ತರ ಕಣ್ಣಿಗೇ ಕಾಣುತ್ತದೆ. ಶುದ್ಧ ನೀರು ಬೇಕಾಗಿರುವುದು ಕೊನೆಯ ಜಾಲಾಡಿಕೆಗೆ ಮಾತ್ರ. ಒಂದು ಬಕೆಟ್ ನೀರಿಗಾಗಿ ಇಡೀ ಮನೆಗೆ ಯಂತ್ರ ಕೂರಿಸುವುದೇಕೆ? ಅಡುಗೆಮನೆಯಲ್ಲಿ ಆರ್‌ಒ ಇದ್ದರೆ ಹಿಂದಿನ ರಾತ್ರಿಯೇ ಆ ನೀರನ್ನು ತುಂಬಿಟ್ಟುಕೊಳ್ಳಿ. ರುಚಿಗಾಗಿ ಕೆಲವು ಯಂತ್ರಗಳು ಕಚ್ಚಾ ನೀರನ್ನು ಬೆರೆಸುತ್ತವೆ, ಆದ್ದರಿಂದ ಅದನ್ನೂ ಅಳೆದು ನೋಡಿ.

ಮಲೆನಾಡಿನ ಹೆಬ್ಬಾಗಿಲಲ್ಲಿರುವ ನಮಗೆ ಇನ್ನೂ ಅಗ್ಗದ ದಾರಿಯಿದೆ, ಅದೇ ಮಳೆನೀರು. ಮೊದಲ ಮಳೆಯಲ್ಲಿ ಮಾಡಿನ ಧೂಳು ತೊಳೆದುಹೋಗಲಿ, ಆಮೇಲೆ ಡ್ರಮ್‌ನಲ್ಲಿ ಹಿಡಿದು ಮುಚ್ಚಿಡಿ. ನೆರಳಿನಲ್ಲಿ ತೊಳೆಯಿರಿ, ಹನಿ ಒಣಗುವ ಮುನ್ನ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಒರೆಸಿದ ಹನಿ ಚುಕ್ಕೆಯಾಗುವುದಿಲ್ಲ.

ಪೈಪು ಹಿಡಿದು ತೊಳೆಯುವ ಅಭ್ಯಾಸವನ್ನೂ ಬಿಡಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ವಾಹನ ತೊಳೆಯಲು ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂ. ದಂಡ ನಿಗದಿಪಡಿಸಿತ್ತು. ತುಂಗೆ ಪಕ್ಕದಲ್ಲೇ ಹರಿಯುತ್ತಾಳೆಂದು ನಾವು ಆ ದಿನವನ್ನು ಕರೆತರಬೇಕೇ?

ನಮ್ಮ ಮನೆಯಲ್ಲಿ ಸಾಫ್ಟನರ್ ಬರಲಿಲ್ಲ. ಒಂದು ಡ್ರಮ್, ಎರಡು ಬಕೆಟ್, ಎರಡು ಬಟ್ಟೆ ಬಂದವು. ಮಗಳ ಶುಲ್ಕದ ಹಣ ಶುಲ್ಕಕ್ಕೇ ಹೋಯಿತು.