ಹತ್ತಿ ಎಲೆಯ ಕರಿಚುಕ್ಕೆ ಕಂಡೀರಾ?

ಹಳಿಯಾಳ: ಹಳಿಯಾಳ, ಮುಂಡಗೋಡ ಕಡೆಯ ಹತ್ತಿ ಬೆಳೆಗಾರನಿಗೆ ಔಷಧಿ ಅಂಗಡಿಯ ಉದ್ರಿ ಹೊಸತಲ್ಲ. ಒಂದು ಹುಳಕ್ಕೆ ಹೊಡೆದರೆ ಇನ್ನೊಂದು ಹಾಜರು. ಆದರೆ ಗಿಡದ ಒಳಗೇ ಒಂದು ಔಷಧಿ ಅಂಗಡಿ ಇದೆಯೆಂದರೆ ನಂಬುವಿರಾ?

ಹತ್ತಿ ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿ. ಸಾಸಿವೆಗಿಂತ ಸಣ್ಣ ಕರಿಚುಕ್ಕೆ ಕಾಣುತ್ತವೆ. ಅವುಗಳಲ್ಲಿ ಗಾಸಿಪಾಲ್ ಎಂಬ ಹಳದಿ ವಿಷವಿದೆ, ಘಾಟು ವಾಸನೆಯ ಎಣ್ಣೆಗಳಿವೆ. ಅಂಥ ಒಂದು ಎಣ್ಣೆ ಕ್ಯಾರಿಯೋಫಿಲೀನ್. ಜೋಯಿಡಾ ತೋಟದ ಕಾಳುಮೆಣಸಿನಲ್ಲೂ ಅದೇ ಇದೆ, ಗಾಂಜಾ ಗಿಡದಲ್ಲೂ ಅದೇ!

ಚುಕ್ಕೆ ತೆಗೆದು ಕೆಟ್ಟರು

ಗಾಸಿಪಾಲ್ ಹತ್ತಿಕಾಳಿನಲ್ಲೂ ಉಂಟು. ದೊಡ್ಡ ದನ, ಎಮ್ಮೆ ಹಿಂಡಿ ತಿಂದು ಅರಗಿಸಿಕೊಳ್ತವೆ. ಕೋಳಿಗೂ ಮನುಷ್ಯನಿಗೂ ಆಗದು. ಅದಕ್ಕೆಂದೇ 1950ರ ದಶಕದಲ್ಲಿ ಅಮೆರಿಕದ ತಳಿಗಾರರು ಚುಕ್ಕೆಯಿಲ್ಲದ ಹತ್ತಿ ಪಡೆದರು. ಕಾಳೇನೋ ತಿನ್ನಲು ಬಂತು. ಆದರೆ ಅಲ್ಲಿಯವರೆಗೆ ಹತ್ತಿಯ ಗೊಡವೆಗೆ ಹೋಗದಿದ್ದ ಹುಳಗಳೂ, ಇಲಿಗಳೂ ಮುಗಿಬಿದ್ದವು. ಬೇಲಿ ಕಿತ್ತು ಹೊಲ ಕಾಯ್ದ ಕಥೆ!

2006ರಲ್ಲಿ ಟೆಕ್ಸಾಸಿನ ಭಾರತ ಮೂಲದ ವಿಜ್ಞಾನಿ ಕೀರ್ತಿ ರಾಠೋಡ್ ಇದಕ್ಕೆ ದಾರಿ ತೋರಿಸಿದರು. ಎಲೆಯ ವಿಷ ಹಾಗೇ ಉಳಿಸಿ ಕಾಳಿನಲ್ಲಿ ಮಾತ್ರ ಇಳಿಸಿದರು. 2018ರಲ್ಲಿ ಆ ಹತ್ತಿ ಬೆಳೆಯಲು ಅಲ್ಲಿನ ಕೃಷಿ ಇಲಾಖೆಯ ಒಪ್ಪಿಗೆ ಸಿಕ್ಕಿತು.

ವಾಸನೆಯೇ ಕಾವಲುಗಾರ

ಹುಳ ಎಲೆ ಕಡಿದಾಗ ಹತ್ತಿ ಗಿಡ ಬೇರೆಯೇ ವಾಸನೆ ಬಿಡುತ್ತದೆ. ಅದರ ಜಾಡು ಹಿಡಿದು ಬರುವ ಸಣ್ಣ ಕಣಜ ಹುಳದ ಮೈಯೊಳಗೆ ಮೊಟ್ಟೆಯಿಡುತ್ತದೆ. ಮರಿ ಹುಟ್ಟಿ ಹುಳವನ್ನು ಒಳಗಿಂದಲೇ ತಿಂದು ಮುಗಿಸುತ್ತದೆ. ಕೂಲಿಯಿಲ್ಲದ ಕಾವಲು!

1995ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ತಾನಾಗಿ ಬೆಳೆದ ಕಾಡುಹತ್ತಿ ಹೊಲದ ತಳಿಗಳಿಗಿಂತ ಹಲವು ಪಟ್ಟು ಹೆಚ್ಚು ವಾಸನೆ ಬಿಟ್ಟಿತ್ತು. ಇಳುವರಿ, ಎಳೆಯ ಬೆನ್ನು ಹತ್ತಿದವರ ಕೈಯಿಂದ ಈ ಗುಣ ಜಾರಿತೇ?

ಧಾರವಾಡದ ಪಾಠ

ಧಾರವಾಡದಲ್ಲಿ ಡಾ. ಬಿ.ಎಚ್. ಕಟರ್ಕಿಯವರು 1972ರಲ್ಲಿ ವರಲಕ್ಷ್ಮಿ ಹೈಬ್ರಿಡ್ ಕೊಟ್ಟರು. 1981ರಲ್ಲಿ ಡಿಸಿಎಚ್-32 ಬಂತು. ಎಳೆ ಉದ್ದ, ದರ ಚೊಲೋ. ಆದರೆ ಸಿಂಪರಣೆಯ ಖರ್ಚೂ ಬೆಳೆಯಿತು. 2002ರಲ್ಲಿ ಬಿಟಿ ಹತ್ತಿಗೆ ಪರವಾನಗಿ ಸಿಕ್ಕಿತು. ಅದು ಕಾಯಿಕೊರಕಕ್ಕೆ ಮಾತ್ರ. ರಸ ಹೀರುವ ಜಿಗಿಹುಳಕ್ಕೆ ಅದರ ಲೆಕ್ಕವಿಲ್ಲ. ಮುಂದೆ ಗುಲಾಬಿ ಕಾಯಿಕೊರಕವೂ ಬಿಟಿಗೆ ಜಗ್ಗದಾಯಿತು. ಜಯಧರ್‌ನಂಥ ಜವಾರಿ ಹತ್ತಿ ರಸ ಹೀರುವ ಹುಳಕ್ಕೆ ಗಟ್ಟಿ, ಆದರೆ ಎಳೆ ಗಿಡ್ಡ, ಇಳುವರಿ ಕಡಿಮೆ.

ಗಾಸಿಪಾಲ್ ಹೆಚ್ಚಿರುವ ತಳಿಯಲ್ಲಿ ಕಾಯಿಕೊರಕದ ಮರಿ ಬೆಳೆಯದೆ ಸೊರಗುತ್ತದೆಂದು ಪ್ರಯೋಗಗಳು ತೋರಿಸಿವೆ. ತೊಡಕೆಂದರೆ, ಎಲೆಯಲ್ಲಿ ಹೆಚ್ಚಿಸ ಹೋದರೆ ಕಾಳಿನಲ್ಲೂ ಹೆಚ್ಚೀತು, ಹಿಂಡಿ ಕೆಟ್ಟೀತು. ವಾಸನೆಯೊಂದೇ ಎಲ್ಲ ಹುಳಕ್ಕೂ ಮದ್ದಲ್ಲ ಎಂಬುದೂ ನಿಜವೇ. ಆದರೂ ಸಿಂಪರಣೆ ಒಂದೆರಡು ಸಲ ತಪ್ಪಿದರೂ ರೈತನ ಗಂಟು ಉಳಿದೀತು.

ಬೀಜದ ಪೊಟ್ಟಣದ ಮೇಲೆ ಕ್ವಿಂಟಾಲಿನ ಲೆಕ್ಕ ಬರೆಯುವವರು ಎಲೆಯ ಚುಕ್ಕೆಯ ಲೆಕ್ಕವನ್ನೂ ಹಿಡಿಯುವುದು ಎಂದು?