ಗಿಟಾರಿನ ಮೈಗೆ ಎಣ್ಣೆಯ ಲೇಪ: ಬಟ್ಟೆಯ ಬಗೆಗೂ ಎಚ್ಚರ

ವಿದ್ಯುತ್ ಗಿಟಾರಿನ ಮೈ ಸಾಮಾನ್ಯವಾಗಿ ಟೊಳ್ಳಾದ ಪೆಟ್ಟಿಗೆಯಲ್ಲ, ಗಟ್ಟಿಯಾದ ಮರದ ಹಲಗೆ. ತಂತಿಯ ಕಂಪನವನ್ನು ಪಿಕಪ್ ಎಂಬ ಕಾಂತೀಯ ಸಾಧನವು ಗ್ರಹಿಸುವುದರಿಂದ, ಮೈಗೆ ಬಳಿಯುವ ಲೇಪದ ಮುಖ್ಯ ಕಾರ್ಯ ಮರದ ರಕ್ಷಣೆ ಮತ್ತು ಅಂದ. ಲ್ಯಾಕರ್ ಸಿಂಪಡಿಸಲು ಯಂತ್ರ ಬೇಕು. ಅದರ ಆವಿ ಶ್ವಾಸಕೋಶಕ್ಕೆ ಹಿತವಲ್ಲ. ಆದುದರಿಂದ ಮನೆಯಲ್ಲಿಯೇ ಗಿಟಾರನ್ನು ರೂಪಿಸಿಕೊಳ್ಳುವ ಅನೇಕ ಹವ್ಯಾಸಿಗಳು ಎಣ್ಣೆಯ ಲೇಪವನ್ನು ಆರಿಸಿಕೊಳ್ಳುತ್ತಾರೆ.

ಎಲ್ಲ ಎಣ್ಣೆಗಳೂ ಇದಕ್ಕೆ ಒದಗವು. ತೆಂಗಿನ ಎಣ್ಣೆ ಎಷ್ಟು ದಿನ ಕಳೆದರೂ ಗಟ್ಟಿಯಾದ ಪದರವಾಗದು. ಅಗಸೆ ಎಣ್ಣೆ ಮತ್ತು ಚೀನಾ ಮೂಲದ ಟಂಗ್ ಎಣ್ಣೆ ಒಣಗುವ ಜಾತಿಗೆ ಸೇರಿದವು. ಉತ್ತರ ಕರ್ನಾಟಕದವರಿಗೆ ಚಟ್ನಿಪುಡಿಯಿಂದ ಚಿರಪರಿಚಿತವಾದ ಅಗಸೆಯೇ ಇದು. ಆದರೆ ಅಂಗಡಿಗಳಲ್ಲಿ ‘ಕುದಿಸಿದ’ ಅಗಸೆ ಎಣ್ಣೆಯೆಂದು ಮಾರುವುದರಲ್ಲಿ, ಬೇಗ ಒಣಗಲೆಂದು ಸಾಮಾನ್ಯವಾಗಿ ಲೋಹದ ಲವಣಗಳನ್ನು ಬೆರೆಸಿರುತ್ತಾರೆ. ಅದು ಆಹಾರಕ್ಕೆ ಸರ್ವಥಾ ಸಲ್ಲದು.

ಮೊದಲು ಪಿಕಪ್ ಮೊದಲಾದ ಭಾಗಗಳನ್ನು ಕಳಚಿಡಬೇಕು. ಬಳಿಕ 120, 180, 220ನೆಯ ನಂಬರಿನ ಸ್ಯಾಂಡ್‌ಪೇಪರುಗಳಿಂದ ಕ್ರಮವಾಗಿ ಮರದ ಎಳೆಯ ದಿಕ್ಕಿನಲ್ಲಿಯೇ ಉಜ್ಜಬೇಕು. ಮರದ ಧೂಳು ಮೂಗಿನ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ಸಿದ್ಧಪಟ್ಟಿರುವುದರಿಂದ, ಧೂಳು ತಡೆಯುವ ಮಾಸ್ಕ್ ಧರಿಸುವುದು ಅವಶ್ಯ. ಅನಂತರ ಹತ್ತಿಯ ಬಟ್ಟೆಯಿಂದ ಎಣ್ಣೆಯನ್ನು ತೆಳುವಾಗಿ ಸವರಿ, ಸುಮಾರು 15 ನಿಮಿಷ ಬಿಟ್ಟು, ಮರವು ಹೀರದೆ ಉಳಿದುದನ್ನೆಲ್ಲ ಒರೆಸಿ ತೆಗೆಯಬೇಕು. ಒರೆಸದೆ ಬಿಟ್ಟರೆ ಮೇಲ್ಮೈ ಜಿಗುಟಾಗುವುದು. ಕನಿಷ್ಠ ಒಂದು ದಿನದ ಅಂತರವಿಟ್ಟು ನಾಲ್ಕೈದು ಬಾರಿ ಹೀಗೆ ಮಾಡಿದರೆ ಮೃದುವಾದ ಹೊಳಪು ಬರುವುದು. ಮುಂಬಯಿ, ಚೆನ್ನೈಗಳ ತೇವದ ಹವೆಯಲ್ಲಿ ಈ ಅಂತರ ಇನ್ನೂ ಹೆಚ್ಚಬೇಕಾಗಬಹುದು. ಪೂರ್ಣ ಗಟ್ಟಿಯಾಗಲು ಕೆಲವು ವಾರಗಳೇ ಬೇಕು.

ಇಲ್ಲಿಗೆ ಕೆಲಸ ಮುಗಿಯಿತೆಂದು ಭಾವಿಸಲಾಗದು. ಎಣ್ಣೆ ಒಣಗುವುದೆಂದರೆ ನೀರು ಆರಿದಂತಲ್ಲ. ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುತ್ತದೆ. ಆಗ ಶಾಖ ಹೊರಬೀಳುತ್ತದೆ. ಹಲಗೆಯ ಮೇಲಿನ ತೆಳುಪದರದ ಶಾಖವು ಗಾಳಿಯಲ್ಲಿ ಚದರಿಹೋಗುತ್ತದೆ. ಉಂಡೆಮಾಡಿ ಮೂಲೆಗೆಸೆದ ಬಟ್ಟೆಯಲ್ಲಿಯಾದರೋ ಅದು ಒಳಗೇ ಕೂಡಿಕೊಂಡು, ಕೆಲವೇ ಗಂಟೆಗಳಲ್ಲಿ ಕಿಡಿ ಸೋಂಕದೆಯೇ ಬೆಂಕಿ ಹೊತ್ತಬಹುದು. 1991ರ ಫೆಬ್ರವರಿ 23ರಂದು ಅಮೆರಿಕದ ಫಿಲಡೆಲ್ಫಿಯದಲ್ಲಿ, 38 ಅಂತಸ್ತುಗಳ ‘ಒನ್ ಮೆರಿಡಿಯನ್ ಪ್ಲಾಜಾ’ ಕಟ್ಟಡದ 22ನೆಯ ಅಂತಸ್ತಿನಲ್ಲಿ ಬೆಂಕಿ ಎದ್ದುದು ಹೀಗೆಯೇ. ಮರದ ಹಲಗೆಗಳಿಗೆ ಹೊಳಪು ಕೊಟ್ಟವರು ಬಿಟ್ಟುಹೋದ ಅಗಸೆ ಎಣ್ಣೆಯ ಬಟ್ಟೆಗಳೇ ಅದಕ್ಕೆ ಮೂಲ. ಮೂವರು ಅಗ್ನಿಶಾಮಕರು ಪ್ರಾಣ ತೆತ್ತರು.

ಪರಿಹಾರ ಕಷ್ಟವಲ್ಲ. ಬಟ್ಟೆಯನ್ನು ಬಳಸಿದ ಕೂಡಲೇ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ನೀರಿನೊಳಗೆ ಪೂರ್ಣ ಮುಳುಗಿಸಿಡಬೇಕು. ಬಯಲಿದ್ದವರು ಅದನ್ನು ಮಡಿಕೆಯಿಲ್ಲದಂತೆ, ಒಂದರ ಮೇಲೊಂದು ಬೀಳದಂತೆ ನೆಲದ ಮೇಲೆ ಹರಡಿ, ಗಡುಸಾಗುವವರೆಗೆ ಒಣಗಿಸಬಹುದು. ಕಸದ ಬುಟ್ಟಿಗೆ ಮಾತ್ರ ಹಾಗೆಯೇ ಹಾಕಲಾಗದು. ಫ್ಲ್ಯಾಟುಗಳಲ್ಲಿ ವಾಸಿಸುವವರು ಎಣ್ಣೆಯ ಸೀಸೆಯನ್ನು ತೆರೆಯುವ ಮೊದಲೇ ನೀರಿನ ಡಬ್ಬಿಯನ್ನು ಪಕ್ಕದಲ್ಲಿ ಸಿದ್ಧವಾಗಿಟ್ಟುಕೊಳ್ಳುವುದು ಲೇಸು. ಅಲ್ಲಿ ಒಬ್ಬರ ಹವ್ಯಾಸದ ಬೆಂಕಿ ನೆರೆಯವರ ಮನೆಯನ್ನೂ ಸುಡಬಲ್ಲದು.