ಉತಾರದಲ್ಲಿ ಖರಾಬು, ಕಲ್ಲಿನ ಮೇಲೆ ಹೂವು

ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ, ದೊಡ್ಡ ರಸ್ತೆಯಿಂದ ಒಂದಿಷ್ಟು ಒಳಗೆ, ಒಂದು ಬೋಳು ಗುಡ್ಡ ಇದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಭಾನುವಾರ ಅಲ್ಲಿ ಚುರುಮುರಿ ಗಾಡಿ ನಿಲ್ಲುತ್ತದೆ. ಭಾದ್ರಪದ ಮುಗಿಯುತ್ತ ಬಂದಿತ್ತು, ಮಳೆ ಬಿಡುವು ಕೊಟ್ಟಿತ್ತು. ಈ ನೆಲದ್ದೇ ಆದ ಹೂಗಿಡಗಳು ಊರಿನ ಇಷ್ಟು ಹತ್ತಿರ ಏನೇನು ಉಳಿದಿವೆ ನೋಡೋಣವೆಂದು ಬೆಳಿಗ್ಗೆಯೇ ಹೊರಟೆ.

ದಾರಿ ಶುರುವಾಗುವುದು ಎರಿಹೊಲದ ಬದುವಿನಿಂದ. ಹೆಸರು ಕಿತ್ತಾಗಿತ್ತು, ಹಿಂಗಾರಿ ಜೋಳಕ್ಕೆಂದು ಹೊಲ ಹರಗಿ ಬಿಟ್ಟಿದ್ದರು. ಬದುವಿನ ಮೇಲೆ ಅಣ್ಣೆಯ ತಿಳಿಗುಲಾಬಿ ತೆನೆಗಳು, ಅವುಗಳ ಬುಡದಲ್ಲಿ ತುಂಬೆಯ ಬಿಳಿ ಹೂ. ಇವೆರಡನ್ನೂ ಹುಡುಕಿ ನೋಡಬೇಕು, ಯಾಕೆಂದರೆ ಬದುವನ್ನು ಹಿಡಿದು ಕೂತಿರುವುದು ಕಾಂಗ್ರೆಸ್ ಕಸ. ಅಮೆರಿಕ ಮೂಲದ ಈ ಕಳೆ ನಮ್ಮ ದೇಶದಲ್ಲಿ ಜನರ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ, ಪುಣೆಯ ಸುತ್ತಮುತ್ತ. ಈಗ ಅದಿಲ್ಲದ ಬದುವೇ ಇಲ್ಲ.

ಬದು ದಾಟಿದರೆ ಏರು. ಕಾಲಡಿಯ ಕರಿಮಣ್ಣು ಹೋಗಿ ಕೆಂಪು ಗರಸು ಬರುತ್ತದೆ. ಗುಡ್ಡದ ಬುಡದಲ್ಲಿ ಇನ್ನೂ ಮೊಳಕಾಲುದ್ದ ಮಣ್ಣಿದೆ. ಅಷ್ಟಿದ್ದರೆ ಸಾಕು, ಲಂಟಾನ ಬಿಡುತ್ತದೆಯೇ? ಆಳೆತ್ತರದ ಗೋಡೆಯಾಗಿ ಬೆಳೆದಿತ್ತು. ಹೂ ಚೆಂದವೇ, ಹಳದಿ-ಕೇಸರಿ ಗೊಂಚಲು. ಆ ಚೆಂದಕ್ಕೇ ಎರಡು ಶತಮಾನದ ಹಿಂದೆ ತೋಟದ ಅಲಂಕಾರಕ್ಕೆಂದು ಹಡಗು ಹತ್ತಿಸಿ ತಂದದ್ದು. ಅದರ ಕೆಳಗೆ ಬಗ್ಗಿ ನೋಡಿದೆ, ಒಣಗಿದ ಎಲೆ ಬಿಟ್ಟರೆ ಬೇರೇನೂ ಇರಲಿಲ್ಲ.

ಆಡು ತಿರುಗಿ ಮಾಡಿದ ಸಂದಿಯಲ್ಲಿ ನುಸುಳಿ ಮೇಲೆ ಬಂದೆ. ಅಲ್ಲಿ ಯಾರೋ ಗರಸು ಅಗೆದು ಒಯ್ದು ಗುಡ್ಡದ ಮಗ್ಗುಲು ಬಯಲಾಗಿತ್ತು. ಮೇಲೆ ಗೇಣು ಮಣ್ಣು, ಕೆಳಗೆ ಓರೆಯಾಗಿ ನಿಂತ ಪದರುಗಲ್ಲು. ಈ ಸೀಮೆಯ ಹೆಸರನ್ನೇ ಹೊತ್ತ ಧಾರವಾಡ ಶಿಲಾಸಮೂಹದ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಅದರಲ್ಲಿ ಹಳೆಯ ಲಾವಾ ಇದೆ, ಸಮುದ್ರದ ತಳದ ಹೂಳೂ ಇದೆ. ಇದೇ ಸಮೂಹದ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ಬಂಡೆಗಳು ದಿಂಬು ಪೇರಿಸಿಟ್ಟ ಹಾಗಿವೆ. ನೀರಿನಡಿ ಉಕ್ಕಿದ ಲಾವಾ ತಟ್ಟನೆ ತಣಿದರೆ ಪಡೆಯುವ ರೂಪ ಅದು. ನನ್ನ ಮುಂದಿದ್ದ ಕಲ್ಲು ಲಾವಾದ್ದೋ ಹೂಳಿನದೋ, ಕೈಯಲ್ಲಿ ಹಿಡಿದು ಹೇಳುವಷ್ಟು ವಿದ್ಯೆ ನನಗಿಲ್ಲ. ಅದರ ಮೇಲೆ ಮಣ್ಣು ನಿಲ್ಲುವುದು ಕಷ್ಟ ಎನ್ನುವುದಂತೂ ಕಾಣುತ್ತಿತ್ತು.

ಅಲ್ಲಿಂದಾಚೆ ಲಂಟಾನ ಗಿಡ್ಡಾಗುತ್ತ, ಬಿಡಿಯಾಗುತ್ತ ಹೋಯಿತು. ಆವರಿಕೆ ಕಾಣಿಸಿಕೊಂಡಿತು. ಅಚ್ಚ ಹಳದಿ ಹೂ, ಕಾಸಿನಗಲದ ಎಸಳು. ಹಿಂದೆ ಇದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ಪಕ್ಕದಲ್ಲಿ ಕವಳಿ ಪೊದೆ, ಬೇಸಿಗೆಯ ಹಣ್ಣು ಮುಗಿದು ಮುಳ್ಳು ಮಾತ್ರ ಉಳಿದಿತ್ತು. ಆ ಮುಳ್ಳನ್ನೇ ಏಣಿ ಮಾಡಿಕೊಂಡು ಅಗ್ನಿಶಿಖೆಯ ಬಳ್ಳಿ ಏರಿತ್ತು. ಇದಕ್ಕೆ ಬೇರೆ ಕುಡಿ ಇಲ್ಲ, ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುತ್ತದೆ. ಹೂ ನೆಲದತ್ತ ಮುಖ ಮಾಡಿದ್ದರೆ ಎಸಳು ಆಕಾಶದತ್ತ ಮಡಚಿರುತ್ತವೆ, ಬುಡ ಹಳದಿ, ತುದಿ ಕೆಂಪು. ಆರು ಕೇಸರ ಸುತ್ತಲೂ ಚಾಚಿ, ಶಲಾಕೆ ಮಾತ್ರ ಮೊಣಕೈ ಬಾಗಿಸಿದಂತೆ ಪಕ್ಕಕ್ಕೆ ತಿರುಗಿರುತ್ತದೆ. ಇನ್ನಷ್ಟು ಹತ್ತಿರ ಹೋಗುವಷ್ಟರಲ್ಲಿ ಆಡು ಕಾಯುತ್ತಿದ್ದ ಹಿರಿಯರು ಕೂಗಿದರು, "ಕೀಳಬ್ಯಾಡ್ರಿ ಸರ, ಗಡ್ಡಿ ವಿಷ ಐತಿ. ಆಡೂ ಬಾಯಿ ಹಾಕಂಗಿಲ್ಲ." ಅವರ ಮಾತು ಸರಿ. ಗಡ್ಡೆಯಲ್ಲಿ ಇರುವ ಕೊಲ್ಚಿಸಿನ್ ಜೀವ ತೆಗೆಯುವಂಥದ್ದು.

ನೆತ್ತಿ ತಲುಪಿದಾಗ ಮೊದಲ ನೋಟಕ್ಕೆ ನಿರಾಸೆಯೇ. ಹಾಸುಗಲ್ಲು, ನಡುನಡುವೆ ಕುರುಚಲು ಹುಲ್ಲು. ಹುಲ್ಲಿನ ಸಂದಿಯಲ್ಲಿ ವಿಷ್ಣುಕ್ರಾಂತಿಯ ನೀಲಿ ಚುಕ್ಕೆಗಳು ಕಂಡವು. ಮಧ್ಯಾಹ್ನವಾದರೆ ಮುಚ್ಚಿಕೊಳ್ಳುವ ಹೂವಾದ್ದರಿಂದ ಬೇಗ ಬಂದದ್ದು ಸಾರ್ಥಕವಾಯಿತು. ಆಮೇಲೆ ಕಲ್ಲಿನ ತಗ್ಗಿನಲ್ಲಿ ನೀರು ಜಿನುಗುವ ಒಂದು ಜಾಗ ಸಿಕ್ಕಿತು. ಮಣ್ಣು ಬೆರಳಿನಷ್ಟೂ ದಪ್ಪವಿಲ್ಲ. ಮಂಡಿಯೂರಿ ಕೂತೆ.

ನೇರಳೆ ಬಣ್ಣದ ಪುಟ್ಟ ಹೂಗಳು ದಾರದಂಥ ದಂಟಿನ ಮೇಲೆ ನಿಂತಿದ್ದವು. ಯುಟ್ರಿಕ್ಯುಲೇರಿಯಾ ಅದು. ಯಾವ ಪ್ರಭೇದವೆಂದು ತಿಳಿಯಲು ಹೂವನ್ನು ಬಿಡಿಸಿ ನೋಡಬೇಕು, ಮನಸ್ಸಾಗಲಿಲ್ಲ. ಇದಕ್ಕೆ ನಿಜವಾದ ಬೇರಿಲ್ಲ. ಒದ್ದೆ ಮಣ್ಣಿನೊಳಗೆ ಸೂಜಿಮೊನೆಯಷ್ಟು ಚೀಲಗಳಿರುತ್ತವೆ. ಸೂಕ್ಷ್ಮಜೀವಿ ತಾಗಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗೆಳೆದುಕೊಳ್ಳುತ್ತವೆ. ಪಕ್ಕದಲ್ಲೇ ಕೆಂಪಗಿನ ಡ್ರೊಸೆರಾ, ರೋಮರೋಮಕ್ಕೂ ಅಂಟಿನ ಹನಿ. ಒಂದರಲ್ಲಿ ಗುಂಗುರು ಸಿಕ್ಕಿಬಿದ್ದು ಕಾಲು ಆಡಿಸುತ್ತಿತ್ತು. ಈ ತೆಳುಮಣ್ಣಿನಲ್ಲಿ ಸಾರಜನಕ ತೀರ ಕಡಿಮೆ. ಇವು ಅದನ್ನು ಹುಳುಗಳಿಂದ ಪಡೆಯುತ್ತವೆ.

ಅಲ್ಲಿ ಕೂತಾಗ ಹವಾಯಿ ದ್ವೀಪಗಳ ಓಹಿಯ ಮರದ ಸಂಗತಿ ನೆನಪಾಯಿತು. ತಣಿದ ಹೊಸ ಲಾವಾದ ಬಿರುಕಿನಲ್ಲಿ ಮೊದಮೊದಲು ಬೇರೂರಿ ಕೆಂಪು ಹೂ ಬಿಡುವ ಮರಗಳಲ್ಲಿ ಅದೂ ಒಂದು. ಅಲ್ಲಿಯ ಗಿಡಗಳನ್ನೂ ಹೊರಗಿನಿಂದ ಬಂದ ಕಳೆಗಳು ಒತ್ತರಿಸುತ್ತಿವೆ, ಅವುಗಳಲ್ಲಿ ನಮ್ಮ ಇದೇ ಲಂಟಾನವೂ ಸೇರಿದೆ. ನಮ್ಮ ಗುಡ್ಡ ದ್ವೀಪವಲ್ಲ ನಿಜ. ಆದರೆ ಸುತ್ತ ಹೊಲ, ಹೊಲದಾಚೆ ಲೇಔಟು ಇರುವಾಗ ಇಲ್ಲಿಯ ಹೂಗಳಿಗೂ ಬೇರೆ ದಡವಿಲ್ಲ.

ಇಳಿಯುವಾಗ ಆ ಬದಿಯಲ್ಲಿ ಸಾಲಾಗಿ ತೋಡಿದ ಗುಂಡಿಗಳು ಕಂಡವು. ಸಸಿ ನೆಟ್ಟು ಬೋಳು ಗುಡ್ಡ ಹಸಿರು ಮಾಡುವ ಒಳ್ಳೆಯ ಮನಸ್ಸಿನ ಕೆಲಸ. ಹೆಚ್ಚಿನ ಸಸಿ ಒಣಗಿದ್ದವು, ಅಗೆದು ಹಾಕಿದ ಮಣ್ಣಿನಲ್ಲಿ ಕಾಂಗ್ರೆಸ್ ಕಸ ಮಾತ್ರ ನಳನಳಿಸುತ್ತಿತ್ತು. ಬುಡದಿಂದ ನೆತ್ತಿಯವರೆಗೆ ನಾನು ಕಂಡದ್ದು ಇಷ್ಟು: ಮಣ್ಣು ದಪ್ಪವಿದ್ದಲ್ಲಿ ಹೊರಗಿನವು ಗೆದ್ದಿವೆ, ಮಣ್ಣಿಲ್ಲದಲ್ಲಿ ನೆಲದವು ಉಳಿದಿವೆ. ಉತಾರದಲ್ಲಿ ಖರಾಬು ಎಂದು ಬರೆದು ಬಿಟ್ಟ ಇಂಥ ಜಾಗವೇ ಅವಕ್ಕೆ ರಕ್ಷಣೆ. ಸಸಿ ನೆಡಲೇಬೇಕೆನ್ನುವವರು ಲಂಟಾನ ಕಿತ್ತು ಬುಡದಲ್ಲಿ ನೆಡಲಿ, ಅಲ್ಲಿ ಮಣ್ಣಿದೆ, ನೆರಳೂ ಬೇಕು. ನೆತ್ತಿಯ ಕಲ್ಲಿಗೆ ಗುದ್ದಲಿ ಹಾಕದಿದ್ದರೆ ಅದೇ ದೊಡ್ಡ ಉಪಕಾರ.